ಅಪ್‌ಡೇಟ್: 1917ರ ಆ ಸವರಿನ್ ನಾಣ್ಯ ಕೊಳ್ಳಲಿಲ್ಲ

ಹೋದ ತಿಂಗಳು ಕೇಳಿದ್ದೆ ಅಲ್ವಾ, ಲಂಡನ್ ಟಂಕಸಾಲೆಯದು ಅಂತ ಹೇಳಿ ಒಬ್ಬರು 1917ರ ಬ್ರಿಟಿಷ್ ಚಿನ್ನದ ಸವರಿನ್ ಮಾರುತ್ತಿದ್ದಾರೆ, ಅಸಲಿಯೋ ನಕಲಿಯೋ ಹೇಗೆ ನೋಡುವುದು ಎಂದು. ಉತ್ತರ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿಮ್ಮಿಂದ ನನ್ನ ದುಡ್ಡು ಉಳಿಯಿತು.

ಅಯಸ್ಕಾಂತಕ್ಕೆ ಅಂಟಲಿಲ್ಲ. ಅದೊಂದನ್ನೇ ನಂಬಬೇಡಿ, ತಾಮ್ರ, ಹಿತ್ತಾಳೆಯೂ ಅಂಟುವುದಿಲ್ಲ. ತೂಕ 7.98 ಗ್ರಾಂ, ಅಗಲ 22.05 ಮಿಲಿಮೀಟರ್, ಎರಡೂ ಸರಿ. ದಾರ ಕಟ್ಟಿ ನೀರಲ್ಲಿ ಮುಳುಗಿಸಿ ತೂಗಿದೆ. ಸಾಂದ್ರತೆ 17.5ರ ಹತ್ತಿರ ಬಂತು. 22 ಕ್ಯಾರೆಟ್‌ಗೆ ಅಷ್ಟೇ ಇರಬೇಕು. ಅಲ್ಲಿಗೆ ಕೊಂಡೇಬಿಡೋಣ ಅನ್ನಿಸಿತ್ತು.

ಆದರೆ ನಿಮ್ಮಲ್ಲೊಬ್ಬರು ಇಸವಿಯ ಮೇಲಿನ ಜಾಗ ನೋಡಿ ಅಂದಿದ್ದರು. ಆ ವರ್ಷ ಸಿಡ್ನಿ, ಪರ್ತ್, ಮೆಲ್ಬೋರ್ನ್, ಕೆನಡಾದಲ್ಲೂ ಸವರಿನ್ ಅಚ್ಚಾಗಿದ್ದವು. ಅವುಗಳ ಒಂದು ಬದಿಯಲ್ಲಿ ಕುದುರೆ ಸವಾರನ ಚಿತ್ರವಿದೆ, ಆ ಕುದುರೆಯ ಕೆಳಗೆ, ಇಸವಿಯ ಮೇಲೆ, ಟಂಕಸಾಲೆಯ ಪುಟ್ಟ ಅಕ್ಷರ ಇರುತ್ತದೆ. ಲಂಡನ್ನಿನದರಲ್ಲಿ ಇಲ್ಲ. ಅಪರೂಪ ಅದೇ, ಬೆಲೆಯೂ ಅದಕ್ಕೇ ಜಾಸ್ತಿ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯಲ್ಲಿ, ಬೆಳಕನ್ನು ಓರೆಯಾಗಿ ಬಿಟ್ಟು ನೋಡಿದೆ. ಸರಿಯಾಗಿ ಆ ಜಾಗದಲ್ಲೇ ಸಣ್ಣ ಗೀರುಗಳು, ಚೂರು ತಗ್ಗು, ಹೊಳಪೂ ಬೇರೆ. ಅಕ್ಷರ ಕೆರೆದು ತೆಗೆದಿದ್ದಾರೆ ಅನ್ನುವುದರಲ್ಲಿ ನನಗೆ ಅನುಮಾನವಿಲ್ಲ. ಚಿನ್ನ ಅಸಲಿಯೇ, ಹಾಗಾಗಿ ತಕ್ಕಡಿ ಇದನ್ನು ಹಿಡಿಯಲು ಸಾಧ್ಯವೇ ಇರಲಿಲ್ಲ. ನೂರು ವರ್ಷ ಉಳಿದು ಬಂದ ನಾಣ್ಯಕ್ಕೆ ಹೀಗೆ ಮಾಡಿದ್ದು ನೋಡಿ ಬೇಜಾರಾಯಿತು.

ಪರಿಣಿತರಿಗೆ ತೋರಿಸಿ ಪ್ರಮಾಣಪತ್ರ ತೆಗೆಸೋಣ, ಖರ್ಚು ನನ್ನದು ಅಂದೆ. ಮಾರುವವರು ಒಪ್ಪಲಿಲ್ಲ. ನಾಣ್ಯ ವಾಪಸ್ ಕೊಟ್ಟು ಬಂದೆ.