ವಾರಕ್ಕೊಂದೇ ದೋಣಿ, ಪಕ್ಕದ ಮನೆಯಲ್ಲಿ ಏಟು: ಓದುಗರ ಸ್ಪಂದನ

(ಕಳೆದ ಸಂಚಿಕೆಯ ಸಮಸ್ಯೆ: ಪುಟ್ಟ ದ್ವೀಪವೊಂದರಲ್ಲಿ ಶಿಕ್ಷಕಿಯಾಗಿರುವ ಓದುಗರು ಬರೆದಿದ್ದರು. ಪಕ್ಕದ ಮನೆಯ ಹೆಂಗಸು ಗಂಡನಿಂದ ಏಟು ತಿನ್ನುತ್ತಿದ್ದಾಳೆ. ಅಲ್ಲಿರುವ ಒಬ್ಬನೇ ಪೊಲೀಸ್ ಗಂಡನ ದಾಯಾದಿ. ದೋಣಿ ಬರುವುದು ವಾರಕ್ಕೊಮ್ಮೆ. "ನಾನೇನು ಮಾಡಲಿ?")

ಮಹಿಳಾ ಆಪ್ತಸಮಾಲೋಚಕಿ

ಮೇಡಂ, ಮೊದಲು ಒಂದು ಕೆಲಸ ಮಾಡಬೇಡಿ. ಗಂಡನ ಹತ್ತಿರ ಹೋಗಿ ಬುದ್ಧಿ ಹೇಳಬೇಡಿ. ಹೆಂಡತಿ ಹೊರಗೆ ಬಾಯಿಬಿಟ್ಟಿದ್ದಾಳೆ ಎಂದು ಅವನಿಗೆ ಗೊತ್ತಾಗುತ್ತದೆ, ಅದಕ್ಕೆ ಬೆಲೆ ತೆರುವವಳು ಅವಳು. ಅವಳು ಒಬ್ಬಳೇ ಸಿಕ್ಕಾಗ, ಮಾತು ಬಲ್ಲ ಮಕ್ಕಳೂ ಪಕ್ಕದಲ್ಲಿಲ್ಲದಾಗ ಕೇಳಿ: "ಮನೆಯಲ್ಲಿ ನಿಮಗೆ ಭಯವಾಗುತ್ತದಾ?" ಅವಳು ಹೇಳಿದ್ದನ್ನು ನಂಬಿ. "ಯಾಕೆ ಬಿಟ್ಟು ಹೋಗಲಿಲ್ಲ?" ಎಂದು ಮಾತ್ರ ಕೇಳಬೇಡಿ. ಹೋಗುವುದೋ ಇರುವುದೋ ಅವಳೇ ತೀರ್ಮಾನಿಸಲಿ. ಜೀವಕ್ಕೆ ಅತಿ ಹೆಚ್ಚು ಅಪಾಯ ಇರುವುದು ಬಿಟ್ಟು ಹೋಗುವ ಹೊತ್ತಿನಲ್ಲಿ ಮತ್ತು ಅದರ ನಂತರದ ದಿನಗಳಲ್ಲಿ. ಆ ಹೊತ್ತು ಯಾವುದೆಂದು ಅವಳಷ್ಟು ಚೆನ್ನಾಗಿ ಬೇರೆ ಯಾರಿಗೂ ಅಂದಾಜಿರುವುದಿಲ್ಲ.

ಪಟ್ಟಣದಲ್ಲಿ ಹೇಳುವ "ರಾತ್ರೋರಾತ್ರಿ ಹೊರಡಿ" ಎಂಬ ಸಲಹೆ ದ್ವೀಪದಲ್ಲಿ ನಡೆಯುವುದಿಲ್ಲ. ಧಕ್ಕೆಯಲ್ಲಿ ಯಾರು ದೋಣಿ ಹತ್ತಿದರು ಎಂಬುದು ದೋಣಿ ಬಿಡುವ ಮೊದಲೇ ಊರಿಗೆಲ್ಲ ತಿಳಿದಿರುತ್ತದೆ. ಹಾಗಾಗಿ ಪ್ರಯಾಣಕ್ಕೆ ಯಾರೂ ಪ್ರಶ್ನಿಸದ ಕಾರಣ ಬೇಕು: ಮಗುವಿನ ಲಸಿಕೆ, ಹಲ್ಲುನೋವು, ತವರಿನ ಕಾರ್ಯ. ಅಂಥ ಪ್ರಯಾಣವನ್ನು ಮೊದಲೇ ಒಂದೆರಡು ಸಲ ಮಾಡಿ ಮರಳಿ ಬಂದಿದ್ದರೆ ಮೂರನೆಯ ಸಲ ಯಾರೂ ಹುಬ್ಬೇರಿಸುವುದಿಲ್ಲ. ದೊಡ್ಡ ಚೀಲ ಬೇಡ. ಗುರುತಿನ ಚೀಟಿ, ಮಕ್ಕಳ ಜನನ ಪತ್ರ, ಬ್ಯಾಂಕಿನ ಪುಸ್ತಕ, ದಿನವೂ ತೆಗೆದುಕೊಳ್ಳುವ ಮಾತ್ರೆ, ಒಂದಿಷ್ಟು ನಗದು, ಇವುಗಳನ್ನು ಬಿಗಿಯಾಗಿ ಮುಚ್ಚುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ಮೊದಲೇ ನಿಮ್ಮಲ್ಲಿಡಲಿ. ಉಪ್ಪುಗಾಳಿಗೆ ಕಾಗದ ಬೇಗ ಹಾಳಾಗುತ್ತದೆ. ಅತ್ತ ದಡದಲ್ಲಿ ಕಾಯುವವರು ಯಾರೆಂದು ನಿಶ್ಚಯವಾಗದೆ ದೋಣಿ ಹತ್ತಿಸಬೇಡಿ. ಇಳಿದ ಮೇಲೆ ಹೋಗಲು ಜಾಗವಿಲ್ಲದೆ ಅದೇ ದೋಣಿಯಲ್ಲಿ ವಾಪಸು ಬಂದವಳಿಗೆ ಮುಂದಿನ ಏಟು ಇನ್ನೂ ಜೋರಾಗಿರುತ್ತದೆ.

ಉಳಿದ ಆರು ದಿನಕ್ಕೂ ಯೋಜನೆ ಬೇಕು. ಜಗಳ ಏರುತ್ತಿದೆ ಎನಿಸಿದಾಗ ಅಡುಗೆಮನೆಗಾಗಲಿ, ಕತ್ತಿ, ಮೀನಿನ ಚಾಕು ಇರುವ ಮೂಲೆಗಾಗಲಿ ಹೋಗಬಾರದು. ಎರಡು ಬಾಗಿಲಿರುವ ಕಡೆ ಸರಿಯಬೇಕು. ನಿಮ್ಮಿಬ್ಬರ ನಡುವೆ ಒಂದು ಗುರುತು ಇರಲಿ. ಹಗಲಿಗೆ ತಂತಿಯ ಮೇಲೆ ಒಂದು ಬಣ್ಣದ ಬಟ್ಟೆ, ರಾತ್ರಿಗೆ ಕಿಟಕಿಯಲ್ಲಿ ದೀಪ. ಗುರುತು ಕಂಡರೆ ನೀವು ಒಬ್ಬರೇ ಹೋಗಬೇಡಿ. ಮೂರು ನಾಲ್ಕು ಹೆಂಗಸರು ಸಕ್ಕರೆ ಕೇಳುವ ನೆಪದಲ್ಲಿ ಒಟ್ಟಿಗೆ ಬಾಗಿಲಿಗೆ ಹೋಗಿ.

ಫೋನಿನ ವಿಷಯದಲ್ಲಿ ಎಡವುವವರೇ ಹೆಚ್ಚು. ಮನೆಗೆಲ್ಲ ಒಂದೇ ಫೋನಾದರೆ ಕರೆಪಟ್ಟಿ ಗಂಡನ ಕಣ್ಣಿಗೆ ಬೀಳುತ್ತದೆ. ಸಹಾಯವಾಣಿಗೆ ನಿಮ್ಮ ಫೋನಿನಿಂದ, ಶಾಲೆಯ ಹೊತ್ತಿನಲ್ಲಿ ಮಾಡಿಸಿ.

ವೈದ್ಯೆ

ನೀವು ಬರೆದ ಪತ್ರದಲ್ಲಿ ಒಂದು ಸಾಲು ನನ್ನನ್ನು ತಡೆದು ನಿಲ್ಲಿಸಿತು: "ಅವಳ ದನಿ ಎರಡು ದಿನದಿಂದ ಒಡೆದಿದೆ." ಕುತ್ತಿಗೆ ಹಿಸುಕಿದ್ದಾನೆಯೇ ಎಂದು ನೇರವಾಗಿ ಕೇಳಿ. ಒಮ್ಮೆ ಕುತ್ತಿಗೆ ಹಿಸುಕಿಸಿಕೊಂಡ ಹೆಂಗಸು ಮುಂದೆ ಅದೇ ಕೈಯಲ್ಲಿ ಕೊಲೆಯಾಗುವ ಸಾಧ್ಯತೆ ಸುಮಾರು 7 ಪಟ್ಟು ಏರುತ್ತದೆ ಎಂದು ಅಮೆರಿಕದಲ್ಲಿ 2008ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಹೊರಗೆ ಗಾಯ ಕಾಣದಿರುವುದು ಸಾಮಾನ್ಯ. ನುಂಗಲು ಕಷ್ಟ, ಕಣ್ಣಲ್ಲಿ ಕೆಂಪು ಚುಕ್ಕೆ, ಆ ಹೊತ್ತಿನಲ್ಲಿ ಪ್ರಜ್ಞೆ ತಪ್ಪಿದ್ದು, ಅರಿವಿಲ್ಲದೆ ಮೂತ್ರ ಹೋಗಿದ್ದು, ಇವುಗಳಲ್ಲಿ ಒಂದಿದ್ದರೂ ವಾರದ ದೋಣಿಗೆ ಕಾಯುವಂತಿಲ್ಲ. ಕತ್ತಿನ ರಕ್ತನಾಳದ ಒಳಪದರ ಹರಿದಿದ್ದರೆ ಕೆಲವು ದಿನಗಳ ನಂತರವೂ ಪಾರ್ಶ್ವವಾಯು ಬಡಿಯಬಹುದು. ಹೃದಯಾಘಾತದ ರೋಗಿಯನ್ನು ಸಾಗಿಸುವ ತುರ್ತು ವ್ಯವಸ್ಥೆ ಯಾವುದಿದೆಯೋ ಅದನ್ನೇ ಕೇಳಿ.

ಬಲಾತ್ಕಾರವೂ ನಡೆದಿದ್ದರೆ (ಗಂಡ ಮಾಡಿದರೂ ಅದು ಬಲಾತ್ಕಾರವೇ) ಗಡಿಯಾರ ನೋಡಬೇಕು. ಎಚ್‌ಐವಿ ತಡೆಯುವ ಮಾತ್ರೆ 72 ಗಂಟೆಯೊಳಗೆ ಶುರುವಾಗಿ 28 ದಿನ ನಡೆಯಬೇಕು. ಗರ್ಭ ತಡೆಯುವ ಲೆವೊನೊರ್ಜೆಸ್ಟ್ರೆಲ್ 1.5 ಮಿ.ಗ್ರಾಂ. ಒಂದೇ ಸಲ, 120 ಗಂಟೆಯೊಳಗೆ, ಬೇಗ ಕೊಟ್ಟಷ್ಟೂ ಒಳ್ಳೆಯದು. ವಾರಕ್ಕೊಮ್ಮೆ ದೋಣಿ ಬರುವಲ್ಲಿ ಮಾತ್ರೆ ದೋಣಿಯಲ್ಲಿ ಬರಲಿ ಎಂದರೆ ಗಡುವು ಮುಗಿದಿರುತ್ತದೆ. ನಿಮ್ಮ ದ್ವೀಪದ ಆರೋಗ್ಯ ಕೇಂದ್ರದಲ್ಲಿ ಇವು ಇವೆಯೇ, ಅವಧಿ ಮೀರಿಲ್ಲವೇ ಎಂದು ನರ್ಸ್ ಹತ್ತಿರ ಇವತ್ತೇ ವಿಚಾರಿಸಿ. ಯಾರ ಹೆಸರನ್ನೂ ಹೇಳುವ ಅಗತ್ಯವಿಲ್ಲ.

ಗಾಯದ ಫೋಟೋ: ಒಂದು ಮುಖ ಕಾಣುವಂತೆ ದೂರದಿಂದ, ಒಂದು ಹತ್ತಿರದಿಂದ, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು. ಮೂಗೇಟು ಮೊದಲ ದಿನ ಮಂಕಾಗಿರುತ್ತದೆ. ಒಂದೆರಡು ದಿನ ಬಿಟ್ಟು ಮತ್ತೆ ತೆಗೆಯಿರಿ. ರಕ್ತ ತಾಗಿದ ಬಟ್ಟೆಯನ್ನು ಒಗೆಯದೆ, ನೆರಳಲ್ಲಿ ಆರಿಸಿ, ಕಾಗದದ ಚೀಲದಲ್ಲಿಡಿ. ಪ್ಲಾಸ್ಟಿಕ್‌ನಲ್ಲಿಟ್ಟರೆ ತೇವಕ್ಕೆ ಬೂಷ್ಟು ಹಿಡಿದು ಸಾಕ್ಷ್ಯ ಹೋಗುತ್ತದೆ.

ವಕೀಲರು

ಯಾವ ದೇಶ ಎಂದು ನೀವು ಬರೆದಿಲ್ಲ, ಅದು ಸರಿಯೇ. ಪೆಸಿಫಿಕ್‌ನ ಪುಟ್ಟ ದೇಶಗಳಲ್ಲಿ ಈಗ ಮನೆಯೊಳಗಿನ ಹಿಂಸೆಯನ್ನು ತಡೆಯುವ ಕಾಯ್ದೆಗೆ ಕೊರತೆಯಿಲ್ಲ (ಹೆಸರಿನ ಪಕ್ಕದ್ದು ಕಾಯ್ದೆಯ ವರ್ಷ): ವನುವಾಟು 2008, ಫಿಜಿ 2009, ಸಮೋವಾ ಮತ್ತು ಟೋಂಗಾ 2013, ಸಾಲೊಮನ್ ದ್ವೀಪಗಳು ಮತ್ತು ಕಿರಿಬಾಟಿ 2014. ಕೊರತೆ ಇರುವುದು ಆ ಕಾಯ್ದೆಯಡಿ ಕೋರ್ಟು ಕೊಡುವ ರಕ್ಷಣಾ ಆದೇಶ (ಹೊಡೆಯುವವನನ್ನು ತಡೆಯುವ ಆಜ್ಞೆ) ದೋಣಿ ಹತ್ತಿ ಹೊರ ದ್ವೀಪ ಮುಟ್ಟುವುದರಲ್ಲಿ. ಆದ್ದರಿಂದ ಮುಖ್ಯ ದ್ವೀಪದ ಕಾನೂನು ನೆರವಿನವರಿಗೆ ಮೂರು ಪ್ರಶ್ನೆ ಕೇಳಿ. ರಕ್ಷಣಾ ಆದೇಶಕ್ಕೆ ಫೋನಿನಲ್ಲೇ ಅರ್ಜಿ ಹಾಕಬಹುದೇ? ಅವಳ ಪರವಾಗಿ ಇನ್ನೊಬ್ಬರು ಹಾಕಬಹುದೇ? ಆದೇಶವನ್ನು ಗಂಡನ ಕೈಗೆ ಯಾರು ಕೊಡುತ್ತಾರೆ? ಮೂರನೆಯದು ನಿಮ್ಮಲ್ಲಿ ನಿರ್ಣಾಯಕ. ದಾಯಾದಿ ಪೊಲೀಸನ ಕೈಗೆ ಸಿಕ್ಕ ಕಾಗದ ಅವನ ಜೇಬಿನಲ್ಲೇ ಉಳಿಯಬಹುದು. ಸಂಬಂಧಿಕನಾದ್ದರಿಂದ ಬೇರೆ ಅಧಿಕಾರಿ ಬೇಕು ಎಂದು ಅವನ ಮೇಲಧಿಕಾರಿಗೆ ಬರಹದಲ್ಲಿ ಕೇಳಿ, ಪ್ರತಿ ಇಟ್ಟುಕೊಳ್ಳಿ.

ಊರ ಹಿರಿಯರ ರಾಜಿಯ ಬಗ್ಗೆ ಎಚ್ಚರವಿರಲಿ. ಫಿಜಿಯಲ್ಲಿ "ಬುಲುಬುಲು" ಎಂಬ ಕ್ಷಮಾಪಣೆಯ ಪದ್ಧತಿಯಿದೆ. ತಪ್ಪು ಮಾಡಿದವನ ಕಡೆಯವರು ಕಾಣಿಕೆ ತಂದು ಕ್ಷಮೆ ಕೇಳುತ್ತಾರೆ, ಹೆಣ್ಣಿನ ಕಡೆಯ ಹಿರಿಯರು ಒಪ್ಪಿಕೊಳ್ಳುತ್ತಾರೆ. ಕುಲಕುಲದ ನಡುವಿನ ಜಗಳಕ್ಕೆ ಅದು ತಕ್ಕ ಮದ್ದಿರಬಹುದು. ಏಟು ತಿಂದವಳ ವಿಷಯದಲ್ಲಿ ಅವಳನ್ನು ಯಾರೂ ಕೇಳುವುದೇ ಇಲ್ಲ. ಅವಳೇ ರಾಜಿ ಬೇಕೆಂದರೆ ಅವನ ಎದುರು ಅವಳನ್ನು ಮಾತಾಡಿಸಬಾರದು, ಮತ್ತು ರಾಜಿಯಾಯಿತೆಂದು ದೂರು ಹಿಂತೆಗೆಯಬಾರದು. ಇವೆರಡನ್ನು ಹಿರಿಯರಿಂದ ಮೊದಲೇ ಒಪ್ಪಿಸಿಕೊಳ್ಳಿ. ಫಿಜಿ ಪೊಲೀಸರಲ್ಲಿ ಇಂಥ ದೂರನ್ನು ಕೈಬಿಡಬಾರದೆಂಬ ನೀತಿ 1995ರಿಂದಲೇ ಇದೆ.

ಸ್ತ್ರೀ ಸಂಘಟಕಿ

ನಿಮ್ಮ ಪತ್ರ ನೋಡಿದರೆ, ಭೂಮಿಯ ಹಕ್ಕು ಹೆಣ್ಣಿನ ಕಡೆ ಬಂದರೆ ಹೊಡೆತ ನಿಲ್ಲುತ್ತದೆ ಎಂದು ನೀವು ಅಂದುಕೊಂಡಿದ್ದೀರಿ. ಅಷ್ಟು ಸುಲಭವಲ್ಲ. ಮಾರ್ಷಲ್ ದ್ವೀಪಗಳಲ್ಲಿ ಭೂಮಿಯ ಹಕ್ಕು ತಾಯಿಯ ವಂಶದಲ್ಲಿ ಹರಿದುಬರುತ್ತದೆ, ಆದರೂ ಅಲ್ಲಿ ಹೆಂಡತಿಯರ ಮೇಲಿನ ಹಿಂಸೆ ವ್ಯಾಪಕ. ಭೂಮಿ ಯಾರದೇ ಇರಲಿ, ಮೀನು ಮಾರಿದ ದುಡ್ಡು ಯಾರ ಕೈಯಲ್ಲಿದೆ, ಸಭೆಯಲ್ಲಿ ಯಾರು ಮಾತಾಡುತ್ತಾರೆ ಎಂಬುದನ್ನೂ ನೋಡಬೇಕು.

ನಿಮ್ಮೊಬ್ಬರ ಮೇಲೆ ಇಷ್ಟು ಭಾರ ಬೇಡ. ವನುವಾಟುವಿನ ಮಹಿಳಾ ಕೇಂದ್ರ ಹೊರ ದ್ವೀಪಗಳಲ್ಲಿ ಸ್ಥಳೀಯ ಸ್ವಯಂಸೇವಕರ ಸಮಿತಿಗಳನ್ನು ಕಟ್ಟಿದೆ. ಅಂಥ ಸಮಿತಿಗೆ ಐದಾರು ಜನ ಸಾಕು, ಆದರೆ ಎಲ್ಲರೂ ಒಂದೇ ಕುಟುಂಬದವರಾಗಿರಬಾರದು. ದೋಣಿಯ ಟಿಕೆಟ್ಟಿಗೆಂದೇ ಒಂದು ಹುಂಡಿ, ಗುಟ್ಟು ಕಾಪಾಡುವ ಲಿಖಿತ ಒಪ್ಪಂದ, ಇಷ್ಟರಿಂದ ಶುರು ಮಾಡಿ.

ವಿಪತ್ತು ನಿರ್ವಹಣೆಯ ತರಬೇತುದಾರರು

ಚಂಡಮಾರುತದ ಕಾಲ ಹತ್ತಿರವಿದ್ದರೆ ಇದನ್ನು ಮರೆಯಬೇಡಿ. 2011ರಲ್ಲಿ ವನುವಾಟುವಿನ ಟನ್ನಾ ದ್ವೀಪದ ಮೇಲೆ ಎರಡು ಚಂಡಮಾರುತ ಎರಗಿದ ನಂತರ, ಅಲ್ಲಿನ ಮಹಿಳಾ ಸಮಾಲೋಚನಾ ಕೇಂದ್ರಕ್ಕೆ ಬಂದ ಹೊಸ ಪ್ರಕರಣಗಳು ಶೇ. 300ರಷ್ಟು ಹೆಚ್ಚಿದವು. ಬೆಳೆ ಹೋಗಿ, ದುಡ್ಡಿಲ್ಲದೆ, ಎಲ್ಲರೂ ಒಂದೇ ಸೂರಿನಡಿ ತಿಂಗಳುಗಟ್ಟಲೆ ಇರಬೇಕಾದ ಪರಿಸ್ಥಿತಿ ಅದು. ಆಶ್ರಯ ಕೊಡುವುದು ನಿಮ್ಮ ಶಾಲೆಯಲ್ಲೇ ಆದರೆ ಹೆಂಗಸರ ಶೌಚಾಲಯಕ್ಕೆ ಒಳಗಿನಿಂದ ಚಿಲಕ, ದಾರಿಗೆ ಸೌರದೀಪ, ಮಲಗಲು ಬೇರೆ ಕೋಣೆ ಈಗಲೇ ಮಾಡಿಸಿ. ಪಡಿತರವನ್ನು ಮನೆಯ ಗಂಡಸಿನ ಹೆಸರಿಗೆ ಮಾತ್ರ ಬರೆಯಬೇಡಿ. ಗಂಡನನ್ನು ಬಿಟ್ಟುಬಂದವಳ ಹೆಸರು ಪಟ್ಟಿಯಲ್ಲಿ ಇರದಿದ್ದರೆ ಒಂದು ಸೇರು ಅಕ್ಕಿಗಾಗಿ ಅವಳು ಮತ್ತೆ ಅವನ ಬಳಿಗೇ ಹೋಗಬೇಕಾಗುತ್ತದೆ.