ಸಹಾಯ ಬೇಕು: ಶಿಲಾಗ್ರಹಗಳು ಮತ್ತು ಅನಿಲದೈತ್ಯಗಳ ಹುಟ್ಟನ್ನು ಮಕ್ಕಳಿಗೆ ವಿವರಿಸುವ ಬಗ್ಗೆ

ಎಲ್ಲರಿಗೂ ನಮಸ್ಕಾರ. ನಾನು ಮಂಡ್ಯದ ಹತ್ತಿರದ ಹಳ್ಳಿಯೊಂದರಲ್ಲಿ ಪ್ರೌಢಶಾಲೆಯ ವಿಜ್ಞಾನ ಶಿಕ್ಷಕ. ಸುಮಾರು 460 ಕೋಟಿ ವರ್ಷಗಳ ಹಿಂದೆ ಎಳೆಯ ಸೂರ್ಯನ ಸುತ್ತ ತಿರುಗುತ್ತಿದ್ದ ಅನಿಲ ಮತ್ತು ದೂಳಿನ ತಟ್ಟೆಯಲ್ಲಿ, ಒಳಭಾಗದ ಕಾವಿಗೆ ಕಬ್ಬಿಣ ಮತ್ತು ಶಿಲೆಯ ಕಣಗಳಷ್ಟೇ ಗಟ್ಟಿಯಾಗಿ ಉಳಿದು ಭೂಮಿಯಂಥ ಪುಟ್ಟ ಗ್ರಹಗಳಾದವು. ಹಿಮರೇಖೆಯಾಚೆ, ಅಂದರೆ ನೀರು ಹೆಪ್ಪುಗಟ್ಟುವಷ್ಟು ತಂಪಿರುವ ದೂರದಲ್ಲಿ, ನೀರೂ ಮಂಜುಗಡ್ಡೆಯಾಗಿ ಸೇರಿಕೊಂಡದ್ದರಿಂದ ಗ್ರಹಗಳ ತಿರುಳುಗಳು ಭೂಮಿಯ ಸುಮಾರು 10 ಪಟ್ಟು ತೂಕಕ್ಕೆ ಬೆಳೆದು, ಜಲಜನಕ ಮತ್ತು ಹೀಲಿಯಂ ಅನಿಲಗಳನ್ನು ಸೆಳೆದುಕೊಂಡು ಗುರು, ಶನಿಗಳಾದವು ಎಂಬುದು ಹೆಚ್ಚಿನ ವಿಜ್ಞಾನಿಗಳು ಒಪ್ಪುವ ವಿವರಣೆ.

ಇದನ್ನು ತಿಳಿಸಲು ಮಕ್ಕಳನ್ನು ಆಲೆಮನೆಗೆ ಕರೆದೊಯ್ದು, ಕೊಪ್ಪರಿಗೆಯಲ್ಲಿ ಕುದಿಯುವ ಪಾಕ ಒಲೆಯಿಂದ ದೂರ, ಅಚ್ಚಿನಲ್ಲಿ ಆರಿದ ಮೇಲೆಯೇ ಗಟ್ಟಿಯಾಗುವುದನ್ನು ತೋರಿಸಿದೆ. ಆದರೆ ಆ ತಟ್ಟೆಯಲ್ಲಿ ನೀರಾವಿ ದ್ರವವಾಗದೆ ನೇರವಾಗಿ ಮಂಜುಗಡ್ಡೆಯಾಗುತ್ತಿತ್ತಾದ್ದರಿಂದ ಹೋಲಿಕೆ ಪೂರ್ತಿ ಸರಿಯಲ್ಲವೆಂಬ ಅಳುಕು ನನಗಿದೆ.

"ಹಾಗಾದರೆ ಗುರುವಿನಂಥ ಗ್ರಹ ನಕ್ಷತ್ರದ ಹತ್ತಿರ ಇರುವುದೇ ಇಲ್ಲವೇ ಸರ್?" ಎಂದು 9ನೇ ತರಗತಿಯ ಹುಡುಗಿಯೊಬ್ಬಳು ಕೇಳಿದಳು. 51 ಪೆಗಾಸಿ ನಕ್ಷತ್ರವನ್ನು ಸುಮಾರು 4 ದಿನಕ್ಕೊಮ್ಮೆ ಸುತ್ತುವ, 1995ರಲ್ಲಿ ಪತ್ತೆಯಾದ ದೈತ್ಯಗ್ರಹದ ವಿಷಯ ಹೇಳಿ, ಅದು ದೂರದಲ್ಲಿ ಹುಟ್ಟಿ ಒಳಕ್ಕೆ ಸರಿದಿರಬಹುದು ಎಂದೆ. ಹಾಗೆ ಸರಿಯುವ ಬಗೆಯನ್ನು ತರಗತಿಯಲ್ಲೇ ತೋರಿಸಬಲ್ಲ ಸರಳ ಪ್ರಯೋಗವಾಗಲಿ, ಆಲೆಮನೆಗಿಂತ ಒಳ್ಳೆಯ ಹೋಲಿಕೆಯಾಗಲಿ ಬಲ್ಲವರು ದಯವಿಟ್ಟು ತಿಳಿಸಬೇಕೆಂದು ಕೋರುತ್ತೇನೆ.