ಅಪ್ಪನ ಲಿವರ್ ಪರೀಕ್ಷೆಯಲ್ಲಿ ಎಸ್‌ಜಿಪಿಟಿ 96 ಬಂದಿದೆ, ಗೊತ್ತಿದ್ದವರು ಹೇಳಿ

ನಾಪೋಕ್ಲು: ಅಪ್ಪನಿಗೆ 58. ಲಿವರ್ ಎಂಜೈಮ್‌ಗಳಾದ ಎಸ್‌ಜಿಪಿಟಿ 96, ಎಸ್‌ಜಿಒಟಿ 71, ಪ್ಲೇಟ್‌ಲೆಟ್ 2 ಲಕ್ಷ 10 ಸಾವಿರ, ಬಿಲಿರುಬಿನ್ ಸರಿ ಇದೆ. ಎರಡು ತಿಂಗಳಿಂದ ತೂಕ ಇಳಿಸೋ ಗಾರ್ಸಿನಿಯಾ (ಒಂದು ಹುಳಿ ಹಣ್ಣಿನ ಸಾರ) ಮಾತ್ರೆ ತಗೊಳ್ತಿದ್ದಾರೆ. ಎಲ್ಲರೂ ಕುಡಿತದಿಂದ ಅಂತಿದ್ದಾರೆ.

ಗೋಣಿಕೊಪ್ಪ: ಕುಡಿತದಿಂದ ಹಾಳಾದ ಲಿವರಿನಲ್ಲಿ ಸಾಮಾನ್ಯವಾಗಿ ಎಸ್‌ಜಿಒಟಿ ಎಸ್‌ಜಿಪಿಟಿಯ ಎರಡು ಪಟ್ಟು ಮೇಲಿರುತ್ತೆ, ಜಿಜಿಟಿ ಅನ್ನೋ ಇನ್ನೊಂದು ಎಂಜೈಮೂ ಏರಿರುತ್ತೆ. ಇಲ್ಲಿ ಎಸ್‌ಜಿಪಿಟಿ ಮುಂದಿದೆ. ಮೊದಲು ಲಿವರಿನ ಕೊಬ್ಬು, ವೈರಸ್ ನೋಡಿ. ಎಚ್‌ಬಿಎಸ್‌ಎಜಿ (ಹೆಪಟೈಟಿಸ್ ಬಿ), ಆಂಟಿ-ಎಚ್‌ಸಿವಿ (ಹೆಪಟೈಟಿಸ್ ಸಿ), ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆ), ಹೊಟ್ಟೆ ಸ್ಕ್ಯಾನ್ ಸಾಕು. 'ಫುಲ್ ಬಾಡಿ' ಪ್ಯಾಕೇಜಿಗೆ ದುಡ್ಡು ಸುರಿಯಬೇಡಿ. ಲಿವರ್ ಗಟ್ಟಿಯಾಗಿದೆಯಾ ಅಂತ ಅಂದಾಜು ಮಾಡೋ ಫಿಬ್-4 ಲೆಕ್ಕ ಮನೆಯಲ್ಲೇ ಆಗುತ್ತೆ: ವಯಸ್ಸು ಗುಣಿಸು ಎಸ್‌ಜಿಒಟಿ, 4118. ಪ್ಲೇಟ್‌ಲೆಟ್ (ಸಾವಿರದಲ್ಲಿ) 210 ಗುಣಿಸು ಎಸ್‌ಜಿಪಿಟಿಯ ವರ್ಗಮೂಲ 9.8, ಅಂದ್ರೆ 2058. ಭಾಗಿಸಿದರೆ 2. 1.3ಕ್ಕಿಂತ ಕೆಳಗಿದ್ದರೆ ಲಿವರ್ ಗಟ್ಟಿಯಾಗಿರುವ ಸಂಭವ ಕಡಿಮೆ, 2.67 ದಾಟಿದರೆ ಲಿವರ್ ತಜ್ಞರ ಹತ್ತಿರ ಹೋಗಬೇಕು. ನಡುವೆ ಬಂದಿದೆ, ಲಿವರ್ ಎಷ್ಟು ಗಟ್ಟಿ ಅಂತ ಅಳೆಯೋ ಫೈಬ್ರೋಸ್ಕ್ಯಾನ್ ಮಾಡಿಸಿ.

ಸೋಮವಾರಪೇಟೆ: ಒಂದೇ ರಿಪೋರ್ಟಿಗೆ ಫೈಬ್ರೋಸ್ಕ್ಯಾನ್? ಎಸ್‌ಜಿಒಟಿ ಸ್ನಾಯುವಿನಲ್ಲೂ ಇದೆ. ಮರ ಕಪಾತು ಮಾಡಿ ಮರುದಿನ ರಕ್ತ ಕೊಟ್ಟರೆ ಏರುತ್ತೆ, ಜೊತೆಗೆ ಸ್ನಾಯುವಿನ ಎಂಜೈಮ್ ಸಿಪಿಕೆ ನೋಡಬೇಕು. ಟ್ಯೂಬಿನಲ್ಲಿ ರಕ್ತಕಣ ಒಡೆದು ಸೀರಮ್ ಕೆಂಪಾದರೂ ತಪ್ಪು ಅಂಕಿ ಬರುತ್ತೆ.

ಗೋಣಿಕೊಪ್ಪ: ಸ್ನಾಯುವಿನದಾದರೆ ಸಾಮಾನ್ಯವಾಗಿ ಎಸ್‌ಜಿಒಟಿ ಮೇಲಿರಬೇಕಿತ್ತು. ಅಂಕಿ ಓದಿ ಬರೀರಿ.

ವಿರಾಜಪೇಟೆ: ಇಬ್ಬರೂ ಜಗಳದಲ್ಲಿ ಮಾತ್ರೆಯನ್ನೇ ಮರೆತಿರಿ! ಗಾರ್ಸಿನಿಯಾ ಮಾತ್ರೆಯಿಂದ ಲಿವರ್ ಕೆಟ್ಟ ಪ್ರಕರಣಗಳು ದಾಖಲಾಗಿವೆ. ಇವತ್ತೇ ನಿಲ್ಲಿಸಿ, ಡಬ್ಬಿ ಡಾಕ್ಟರಿಗೆ ತೋರಿಸಿ, 2ರಿಂದ 4 ವಾರದಲ್ಲಿ ಮತ್ತೆ ಪರೀಕ್ಷೆ. ಮಾತ್ರೆಯಿಂದ ಏರಿದ ಅಂಕಿ ಹಾಕಿ ಫಿಬ್-4 ಲೆಕ್ಕ ಮಾಡಿದರೆ ದಾರಿ ತಪ್ಪುತ್ತೆ. ಅಮೃತಬಳ್ಳಿ ಕಷಾಯವೂ ಬೇಡ. ಕಣ್ಣು ಹಳದಿಯಾದರೆ, ಮೂತ್ರ ಕಡು ಬಣ್ಣಕ್ಕೆ ತಿರುಗಿದರೆ ಒಂದು ದಿನವೂ ಕಾಯಬೇಡಿ.

ಮಡಿಕೇರಿ: ನಮ್ಮ ಅಡುಗೆಯ ಕಪ್ಪು ಹುಳಿ ಕಾಚಂಪುಳಿಯೂ ಅದೇ ಹಣ್ಣಿನದು. ಅದನ್ನೂ ಬಿಡಬೇಕಾ?

ವಿರಾಜಪೇಟೆ: ಸುಮ್ಮನೆ ಹೆದರಿಸಬೇಡಿ ಅಣ್ಣ. ಹಂದಿಮಾಂಸದ ಪಂದಿಕರಿಗೆ ಚಮಚ ಹುಳಿ ಹಾಕಿ ಮನೆಮಂದಿಯೆಲ್ಲ ತಿನ್ನೋದೂ ಸಾಂದ್ರ ಸಾರವನ್ನು ದಿನಾ ನುಂಗೋದೂ ಒಂದೇನಾ? ಎಷ್ಟೋ ಡಬ್ಬಿಗಳಲ್ಲಿ ಗ್ರೀನ್ ಟೀ ಸಾರವೂ ಸೇರಿರುತ್ತೆ, ಅದೂ ಲಿವರಿಗೆ ಪೆಟ್ಟು ಕೊಡಬಲ್ಲದು.

ಮಡಿಕೇರಿ: ಹುಳಿ ಬಿಡಿ, ಪಂದಿಯ ಕೊಬ್ಬು? ಫ್ಯಾಟಿ ಲಿವರ್ ಅಂತ ಬಂದರೆ ತೂಕ ನೂರಕ್ಕೆ 7ರಿಂದ 10 ಇಳಿಯಲೇಬೇಕು. ಕಾಫಿನೂ ನಿಲ್ಲಿಸಿ.

ಸೋಮವಾರಪೇಟೆ: ಕಾಫಿ ಯಾಕೆ? ದಿನಾ ಕಾಫಿ ಕುಡಿಯೋರಲ್ಲಿ ಲಿವರ್ ಎಂಜೈಮ್ ಕಡಿಮೆ ಇರೋದು ಅಧ್ಯಯನಗಳಲ್ಲೇ ಕಂಡಿದೆ. ಕರಿಕಾಫಿ ಕುಡೀಲಿ.

ಗೋಣಿಕೊಪ್ಪ: ಬೆಲ್ಲ ಹಾಕದೆ ಅಂತಲೂ ಬರೀರಿ. ಬೆಲ್ಲವೂ ಸಕ್ಕರೆಯೇ.